ಓದದೆ ಬಿಟ್ಟ ಸಾಲು

೨೬ ನವೆಂಬರ್ ೧೯೭೬, ಶುಕ್ರವಾರ

ಈ ವಹಿಯಲ್ಲಿ ಬರೆಯುವುದನ್ನು ಆಗಸ್ಟಿನಿಂದ ಬಿಟ್ಟಿದ್ದೆ. ಯಾರೋ ಬಸ್ಸಿನಲ್ಲಿ ಸರಕಾರದ ಮೇಲೆ ಒಂದು ಚೇಷ್ಟೆಯ ಮಾತಾಡಿದರೆಂದು ಪೊಲೀಸರು ಅರ್ಧ ದಾರಿಯಲ್ಲೇ ಇಳಿಸಿಕೊಂಡು ಹೋದರಂತೆ. ಅದನ್ನು ಕೇಳಿದ ದಿನವೇ ಬಿಟ್ಟೆ. ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಸಾಕ್ಷಿಗೆ ನಿಲ್ಲುತ್ತದೆ. ಇಪ್ಪತ್ತೆಂಟು ವರ್ಷ ಮಾಮಲೇದಾರರ ತಾಲೂಕು ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಕೂತು ಮಂದಿಯ ಅರ್ಜಿ ಬರೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಇವತ್ತು ಬರೆಯದೆ ಇರಲಾಗಲಿಲ್ಲ. ಹೆಂಡತಿ ತಾರಾಬಾಯಿಯ ಮುಂದೆ ಹೇಳಿಕೊಂಡರೆ ಅವಳೂ ಹೆದರುತ್ತಾಳೆ. ಒಂದು ಮನೆಗೆ ಒಬ್ಬ ಪುಕ್ಕಲ ಸಾಕು. ವಹಿಯನ್ನು ಹಳೆಯ ಪಂಚಾಂಗಗಳ ನಡುವೆ ಇಡುತ್ತೇನೆ.

ಹತ್ತು ಗಂಟೆಗೆ ಒಬ್ಬ ಜೋಗಪ್ಪ ಬಂದ. ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟವನು, ವಯಸ್ಸು ನಲವತ್ತೈದು ದಾಟಿರಬೇಕು, ಹಣೆ ತುಂಬ ಭಂಡಾರ. ಹುಟ್ಟಿದಾಗ ಇಟ್ಟ ಹೆಸರು ಲಕ್ಕಪ್ಪ, ಈಗ ಸತ್ಯವ್ವ ಅನ್ನಿಸಿಕೊಳ್ಳುತ್ತಾನೆ. ಸವದತ್ತಿ ಕಡೆಯವನು. ಮೊಣಕಾಲು ನೋವು ಹಿಡಿದು ಮನೆಮನೆ ತಿರುಗಿ ಜೋಗ ಬೇಡುವುದು ಆಗದೆ ಎರಡು ವರ್ಷದಿಂದ ನಮ್ಮೂರ ಗುರುವಾರದ ಸಂತೆಯಲ್ಲಿ ಮೆಂತ್ಯೆ, ರಾಜಗಿರಿ, ನಿಂಬೆಹಣ್ಣು ಮಾರುತ್ತಾನೆ. ಈ ವರ್ಷ ಮುನಸಿಪಾಲಟಿಯವರು ಕಾಯಿಪಲ್ಲೆ ಮಾರುವ ಹೆಂಗಸರಿಗೆಂದು ತಗಡಿನ ನೆರಳು ಹಾಕಿ ಒಂದು ಕಟ್ಟೆ ಕಟ್ಟಿಸಿದ್ದಾರೆ. ಇವನೂ ಅಲ್ಲಿ ಕೂತ. ನಿನ್ನೆ ಮುನಸಿಪಾಲಟಿ ಜವಾನ ಶಟ್ಟೆಪ್ಪ ಬುಟ್ಟಿಯನ್ನು ಒದ್ದು ಕೆಳಗೆ ಚೆಲ್ಲಿದನಂತೆ. "ನಿನ್ನ ಹಣೇಬರಾ ಪೇಪರದಾಗ ಬಂದೈತಿ, ಇನ್ನ ಇಳಿ" ಅಂದನಂತೆ.

ಪೇಪರಿನಲ್ಲಿ ಬರೆದವನು ನನ್ನ ಬಾಲ್ಯದ ಗೆಳೆಯ ರಘೋತ್ತಮ. ಊರಿಗಿರುವ ಒಂದೇ ವಾರಪತ್ರಿಕೆ ಅವನದು, ಸಂಪಾದಕನೂ ಅವನೇ, ಮೊಳೆ ಜೋಡಿಸುವವನೂ ಅವನೇ. ಬುಧವಾರದ ಸಂಚಿಕೆಯಲ್ಲಿ 'ಮುನಸಿಪಾಲಟಿಯ ಹೊಸ ಹೆಂಗಸು' ಎಂದು ತಲೆಬರಹ ಕೊಟ್ಟು ಅರ್ಧ ಅಂಕಣ ಚೇಷ್ಟೆ ಮಾಡಿದ್ದ. ಮೀಸೆ ಬೋಳಿಸಿದವರಿಗೆಲ್ಲ ಕಟ್ಟೆಯ ಮೇಲೆ ಜಾಗ ಕೊಡುತ್ತಾರೋ ಹೇಗೆ ಎಂದು ಕೇಳಿದ್ದ. ಅದನ್ನು ಓದಿ ನಾನೂ ನಕ್ಕಿದ್ದೆ.

ಜೋಗಪ್ಪ ನನ್ನ ಡೆಸ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ: "ರಾಯರ, ನನ್ನಂಥಾಕಿನ್ನ ಹೊರಗ ಹಾಕಬಾರ್ದು ಅಂತ ಎಲ್ಲ್ಯರ ಕಾಯದೆ ಐತೇನ್ರಿ?"

"ಸಂವಿಧಾನದಾಗ ಅದ. ಲಿಂಗಭೇದ ಮಾಡಬಾರದು ಅಂತ."

"ಅಂದ್ರ?"

"ಗಂಡು ಹೆಣ್ಣು ಅಂತ ಭೇದ ಮಾಡಬಾರದು."

"ನಾ ಅದರಾಗ ಎಲ್ಲಿ ಬರತೇನ್ರಿ?"

ಇಪ್ಪತ್ತೆಂಟು ವರ್ಷದಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಸೋಮವಾರ ಬಾ ಎಂದು ಕಳಿಸಿದೆ. ಈ ಎಮರ್ಜೆನ್ಸಿಯ ಕಾಲದಲ್ಲಿ ಯಾರ ಉಸಾಬರಿಯೂ ಬೇಡ ಎಂದು ಮನಸ್ಸು ಹೇಳುತ್ತಿದೆ.

೨೯ ನವೆಂಬರ್, ಸೋಮವಾರ

ಬಾರದೆ ಇದ್ದರೆ ಸಾಕಪ್ಪ ಅಂದುಕೊಂಡಿದ್ದೆ. ಕಚೇರಿಯ ಬಾಗಿಲು ತೆರೆಯುವ ಮೊದಲೇ ಬಂದು ಕೂತಿದ್ದ.

ಕರಡು ಬರೆದುಕೊಂಡೆ. ನಮ್ಮ ಕಸುಬಿಗೆ ಇರುವ ಧರ್ಮ ಒಂದೇ. ಅಕ್ಷರ ಬಾರದವರ ಅರ್ಜಿ ಬರೆದ ಮೇಲೆ ಮೊದಲಿನಿಂದ ಕೊನೆಯವರೆಗೆ ಅವರಿಗೆ ಓದಿ ಕೇಳಿಸಬೇಕು. ಸರಿ ಅಂದ ಮೇಲೆಯೇ ಹೆಬ್ಬೆಟ್ಟು. ಅದರ ಕೆಳಗೆ 'ಓದಿ ಕೇಳಿಸಿದ್ದು ನಿಜ' ಎಂದು ಬರೆದವನ ರುಜು. ಆ ರುಜುವಿಲ್ಲದ ಹೆಬ್ಬೆಟ್ಟಿಗೆ ಕಚೇರಿಯಲ್ಲಿ ಕವಡೆಯ ಕಿಮ್ಮತ್ತಿಲ್ಲ. ನನ್ನ ತಂದೆ ಸಾಯುವ ಮೊದಲು ನನಗೆ ಬಿಟ್ಟುಹೋದದ್ದು ಒಂದು ಡೆಸ್ಕು, ಒಂದು ದೌತಿ ಮತ್ತು ಈ ಮಾತು.

ಬರೆದುಕೊಳ್ಳುತ್ತ ಕೇಳಿದೆ, "ಪತ್ರಿಕಾದಾಗ ಬರದವರ ಮ್ಯಾಲೂ ಏನರ ಹಾಕಬೇಕೇನು?"

"ಬ್ಯಾಡ್ರಿ. ಅನ್ನೋರು ಅಂತಾರ. ಮಂದಿ ಬಾಯಿಗೆ ಬೀಗ ಹಾಕ್ರಿ ಅಂತ ನಾ ಬಂದಿಲ್ಲ. ನನಗ ಬೇಕಾಗಿದ್ದು ಕಟ್ಟಿ ಮ್ಯಾಲ ಮೂರು ಮೊಳ ಜಾಗಾ."

"ಹಂಗಂದ್ರ ಅವರು ಬರದದ್ದಕ್ಕ ಬ್ಯಾಸರ ಆಗಿಲ್ಲಾ?"

"ಆಗೇತ್ರಿ. ಆಗಿಲ್ಲ ಅಂದ್ರ ಸುಳ್ಳಾಕ್ಕೈತಿ. ಆದ್ರ ಬ್ಯಾಸರಕ್ಕೂ ಅರ್ಜಿ ಬರೀತಾರೇನು?"

ಬರೆಯುವುದಿಲ್ಲ ಎಂದೆ. ಸ್ವಚ್ಛ ಪ್ರತಿ ಶುಕ್ರವಾರಕ್ಕೆ ತಯಾರು ಮಾಡುವುದಾಗಿ ಹೇಳಿದೆ. ಮೂರೇ ಕಲಮು, ಯಾರಿಗೂ ನೋವಾಗದ ಅರ್ಜಿ. ಇದರಿಂದ ನನಗೇನೂ ಆಗಲಾರದು.

೩೦ ನವೆಂಬರ್, ಮಂಗಳವಾರ

ಮಧ್ಯಾಹ್ನ ಪೊಲೀಸ ಠಾಣೆಯಿಂದ ಕರೆ ಬಂತು. ಹೋಗುವಾಗ ದಾರಿಯಲ್ಲಿ ಎರಡು ಸಲ ಧೋತರದ ಕಚ್ಚೆ ಬಿಗಿದುಕೊಂಡೆ.

ಫೌಜದಾರರು ಎದ್ದು ನಿಂತು ಕುರ್ಚಿ ತೋರಿಸಿದರು, ಚಹ ತರಿಸಿದರು. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಏನ್ರಿ ವೆಂಕಣ್ಣಾರ, ಆ ಜೋಗಪ್ಪನ ಅರ್ಜಿ ನೀವ ಬರಿಯಾಕತ್ತೀರಂತ. ಛಲೋ ಕೆಲಸ. ಬಡವರಿಗೆ ನ್ಯಾಯ ಸಿಗಬೇಕು ಅಂತ ಸರಕಾರನೂ ಹೇಳತೈತಿ. ಒಂದ ಸಾಲು ಕೂಡಸ್ರಿ, ಅರ್ಜಿ ಗಟ್ಟಿ ಆಕ್ಕೈತಿ."

ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದೇ ಇಟ್ಟಿದ್ದರು. 'ಸದರಿ ವಾರಪತ್ರಿಕೆಯ ಸಂಪಾದಕ ರಘೋತ್ತಮ ಇವರು ನನ್ನನ್ನು ಹೀನಾಯ ಮಾಡಿ ಬರೆದು, ನನ್ನನ್ನು ಓಡಿಸುವಂತೆ ಜನರಿಗೆ ಚಿತಾವಣೆ ಕೊಟ್ಟಿದ್ದು, ಅವರನ್ನು ಕೂಡಲೇ ದಸ್ತಗಿರಿ ಮಾಡಿ ಕ್ರಮ ಜರುಗಿಸಬೇಕು.'

"ಇದಕ್ಕ ಯಾವ ಕಾಯದೆ ಬರತದರಿ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಇದ ತಿಂಗಳ ಹತ್ತೊಂಬತ್ತಕ್ಕ ಅಸ್ಪೃಶ್ಯತಾ ಕಾಯದೆ ಬಿಗಿ ಮಾಡ್ಯಾರ, ಓದಿಲ್ಲೇನು? ಹೀನಾಯ ಮಾಡಿ ಬರದವರು ಒಳಗ."

"ಅದು ಜಾತಿ ಸಂಬಂಧದ್ದಲ್ಲರಿ."

"ಅಕೀ ಜಾತಿ ಯಾವುದಂತ ನೀವ ಕೇಳೀರೇನು? ಆ ಕಾಲಂ ತುಂಬ್ರಿ. ಉಳದದ್ದು ನಾ ಕುಂದ್ರಸ್ತೇನಿ."

ಕಾಯದೆಯಲ್ಲಿ ಜಾತಿ ಇದೆ; ಸತ್ಯವ್ವ ಎಲ್ಲೂ ಇಲ್ಲ. ಅವನನ್ನು ಕಾಪಾಡಲು ಒಂದು ಸಾಲೂ ಇಲ್ಲದ ಕಾಯದೆಯಲ್ಲಿ ಅವನ ಹೆಸರು ಹೇಳಿ ಇನ್ನೊಬ್ಬನನ್ನು ಹಿಡಿಯಲು ಜಾಗ ಇದೆ. ಹಿಡಿಯಬೇಕಾದದ್ದು ಯಾಕೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಅಕ್ಟೋಬರಿನಲ್ಲಿ ಗಂಡಸರ ಸಂತಾನಹರಣದ ನಸಬಂದಿ ಕ್ಯಾಂಪಿನ ಲೆಕ್ಕಕ್ಕೆ ಎಪ್ಪತ್ತು ವರ್ಷದ ಮುದುಕರನ್ನೂ ಎತ್ತಿಕೊಂಡು ಹೋದರೆಂದು ರಘೋತ್ತಮ ಎರಡೇ ಸಾಲು ಹಾಕಿದ್ದ. ಅದು ಹೇಗೋ ಸೆನ್ಸಾರಿನ ಕಣ್ಣು ತಪ್ಪಿತ್ತು.

ಏಳುವಾಗ ಫೌಜದಾರರು ನಗುತ್ತ ಹೇಳಿದರು: "ಆ ಮುದುಕರ ಸುದ್ದಿ ಇತ್ತಲ್ಲ, ಅದರ ಪ್ರೂಫ್ ತಿದ್ದಿದ್ದು ಭಾಳ ದುಂಡನ್ನ ಅಕ್ಷರದಾಗ ಇತ್ತಂತ. ಅಕ್ಷರ ನೋಡಿದ್ರ ಯಾರದಂತ ಊರಿಗೇ ಗೊತ್ತಾಕ್ಕೈತಿ. ಹೋಗಿ ಬರ್ರಿ. ಮತ್ತ ಆ ಸಾಲು ಅಕಿಗೆ ಓದಿ ಹೇಳೂ ಗರಜ ಇಲ್ಲ. ಅಡ್ನಾಡಿ ಮಂದಿ, ಏನ ತಿಳೀತೈತಿ?"

ಪ್ರೂಫು ತಿದ್ದಿದ್ದು ನಾನೇ. ಬರೀ ಕಾಗುಣಿತ ತಿದ್ದಿದ್ದೆ.

೧ ಡಿಸೆಂಬರ್, ಬುಧವಾರ

ಬರೆದೆ. ಆ ಸಾಲನ್ನೂ ಸೇರಿಸಿ. ಅಕ್ಷರ ಎಂದಿನಂತೆ ದುಂಡಗೆ ಬಂದಿವೆ, ಕೈ ಒಂದಿಷ್ಟೂ ನಡುಗಲಿಲ್ಲ.

೩ ಡಿಸೆಂಬರ್, ಶುಕ್ರವಾರ

ಓದಿ ಕೇಳಿಸಿದೆ. ಸಾಲಿನ ಕೆಳಗೆ ಬೆರಳಿಟ್ಟು ಓದುವುದು ನನ್ನ ರೂಢಿ. ರಸ್ತೆಯಾಚೆ ಒಬ್ಬ ಪೊಲೀಸ ಅರ್ಧ ತಾಸಿನಿಂದ ಬಾಳೆಹಣ್ಣಿನ ಗಾಡಿಗೆ ಒರಗಿ ನಿಂತಿದ್ದ. ಎರಡನೆಯ ಪುಟದ ನಡುವೆ ಆ ಸಾಲು ಬಂತು. ಬೆರಳು ಅದರ ಕೆಳಗೆ ಹಾಯಿತು, ಬಾಯಿ ಮುಂದಿನ ಸಾಲಿಗೆ ಹೋಯಿತು. ಒಂದು ಉಸಿರಿನ ಕೆಲಸ, ಇಷ್ಟು ಸಲೀಸು ಎಂದು ಗೊತ್ತಿರಲಿಲ್ಲ.

ಸತ್ಯವ್ವ ಕಣ್ಣು ಮುಚ್ಚಿ ಕೇಳುತ್ತಿದ್ದ. ಕೇಳುತ್ತ ತುಟಿ ಆಡಿಸುತ್ತಿದ್ದ, ಜಪ ಮಾಡುವವರಂತೆ. ಮುಗಿದ ಮೇಲೆ "ಭಾಳ ಛಂದ ಬರದೀರಿ ರಾಯರ, ಇಷ್ಟ ಮರ್ಯಾದಿಲೆ ನನ್ನ ಬಗ್ಗೆ ಯಾರೂ ಮಾತಾಡಿದ್ದಿಲ್ಲ" ಎಂದು ಹೆಬ್ಬೆಟ್ಟು ಒತ್ತಿದ. ಹೆಬ್ಬೆರಳಿಗೆ ಸೊಪ್ಪಿನ ಹಸಿರು ಹತ್ತಿತ್ತು, ಮಸಿಯಲ್ಲಿ ಬೆರೆತು ಕಾಗದದ ಮೇಲೆ ಅಂಚಿಗೆ ಕಾಣುತ್ತದೆ. ನಾನು ಕೆಳಗೆ ಬರೆದೆ: ಓದಿ ಕೇಳಿಸಿದ್ದು ನಿಜ.

ಹೋಗುವಾಗ ಸತ್ಯವ್ವ ಪಿತ್ತಕ್ಕೆ ಒಳ್ಳೆಯದೆಂದು ಎರಡು ನಿಂಬೆಹಣ್ಣು ಡೆಸ್ಕಿನ ಮೇಲೆ ಇಟ್ಟು ಹೋದಳು. ತಾರಾಬಾಯಿ ಪಾನಕ ಮಾಡಿಕೊಟ್ಟಳು. ಕುಡಿಯದೆ ಹಿತ್ತಲಿಗೆ ಚೆಲ್ಲಿದೆ.

೬ ಡಿಸೆಂಬರ್, ಸೋಮವಾರ

ಅರ್ಜಿ ಒಳಗೆ ಹೋಯಿತು. ಠಸ್ಸೆ ಬಿದ್ದ ಸದ್ದು ಬೇವಿನ ಗಿಡದವರೆಗೂ ಕೇಳಿಸಿತು, ಅಥವಾ ನನಗೆ ಹಾಗನ್ನಿಸಿತು.

ಸಂಜೆ ರಘೋತ್ತಮ ಮನೆಗೆ ಬಂದ. ಅವನೂ ಹೆದರಿದ್ದಾನೆ. ಪ್ರೆಸ್ಸಿನ ಮುಂದೆ ಯಾರೋ ಬಂದು ಬಂದು ನಿಲ್ಲುತ್ತಾರಂತೆ. "ಏನರ ಕೇಳೀದೇನಪಾ ವೆಂಕಣ್ಣಾ?" ಎಂದ. ಇಲ್ಲ ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲು ಮುಟ್ಟಿಕೊಳ್ಳದಂತೆ ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಏನಾದರೂ ಮಾತಾಡಬೇಕಲ್ಲ, "ಆ ಸತ್ಯವ್ವನ ಮ್ಯಾಲೆ ಯಾಕ ಬರದಿ?" ಎಂದು ಕೇಳಿದೆ.

"ಮತ್ತ ಯಾರ ಮ್ಯಾಲೆ ಬರೀಲಿ ಹೇಳು? ಸರಕಾರದ ಮ್ಯಾಲೆ ಬರೀಲಿಕ್ಕೆ ಬಿಡೂದಿಲ್ಲ, ಮುನಸಿಪಾಲಟಿ ಅಧ್ಯಕ್ಷರ ಮ್ಯಾಲೆ ಬರದ್ರ ಕಾಗದದ ಕೋಟಾ ನಿಲ್ಲತದ. ವಾರಾ ವಾರಾ ನಾಕು ಪುಟ ತುಂಬಬೇಕು. ಅಕಿ ಮ್ಯಾಲೆ ಬರದ್ರ ಸೆನ್ಸಾರಿನವನೂ ನಗತಾನ."

"ಅಕಿ ಬುಟ್ಟಿ ಒದ್ದು ಚೆಲ್ಲಿದ್ರಲ್ಲಾ."

"ನಾ ಒದ್ದೆನೇನು? ನೋಡಪಾ, ಒದ್ದವನ ಕಾಲು ಮುರೀಲಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಚೇಷ್ಟಿ ಮಾಡಿದವನ್ನೂ ಒಳಗ ಹಾಕೂದಾದ್ರ ಮುಂದ ಬಾಯಿ ಯಾತಕ್ಕ ಉಳೀತದ, ಊಟಕ್ಕೇನು?"

ಅವನ ಮಾತು ಸರಿ ಅನ್ನಿಸಿತು. ಅವನು ಬರೆಯದಿದ್ದರೆ ಶಟ್ಟೆಪ್ಪನ ಕಾಲು ಏಳುತ್ತಿರಲಿಲ್ಲ ಎಂಬುದೂ ಸರಿ. ಹೊರಗೆ ಸೈಕಲ್ಲು ನಿಂತ ಸದ್ದಾದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಹೋಗುವಾಗ ಅವನು ಹೊಸಲಿನ ಮೇಲೆ ನಿಂತು ಹೇಳಿದ: "ನನಗ ಏನರ ಆದ್ರ ಮನೀ ಕಡೆ ಲಕ್ಷ ಇಡಪಾ. ನಿನ್ನ ಬಿಟ್ರ ಯಾರದಾರ?" ನಾನು ಗೋಣು ಹಾಕಿದೆ. ದೇವರೇ, ಗೋಣು ಹಾಕಿಬಿಟ್ಟೆ.

೯ ಡಿಸೆಂಬರ್, ಗುರುವಾರ

ಸಂತೆಗೆ ಹೋಗಬಾರದಿತ್ತು. ಬದನೆಕಾಯಿಗೆಂದು ಹೋದೆ.

ಸತ್ಯವ್ವ ಕಟ್ಟೆಯ ಕೆಳಗೆ ಬಿಸಿಲಿನಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು, ಒದ್ದೆ ಗೋಣಿತಟ್ಟು ಸೊಪ್ಪಿನ ಮೇಲೆ ಹೊದಿಸಿದ್ದಳು. ಕಟ್ಟೆಯ ಮೇಲಿನ ಕೆಂಚವ್ವ ಗಟ್ಟಿ ಬಾಯಿಯ ಹೆಂಗಸು. "ರಾಯರ, ಅಕಿ ನಮ್ಮ ಮಗ್ಗಲಾಗ ಕುಂತ್ರ ನಮಗೇನೂ ತ್ರಾಸಿಲ್ಲ, ಇದ ಮಾತು ನಂದೂ ಬರೀರಿ" ಎಂದಳು. ಆಮೇಲೆ ಕೆಳಗೆ ಬಗ್ಗಿ "ಹೇಳ ಸತ್ಯವ್ವಾ, ರಾಯರು ಬರದದ್ದು ಇನ್ನೊಮ್ಮಿ ಹೇಳ" ಎಂದಳು.

ಸತ್ಯವ್ವ ಹೇಳತೊಡಗಿದಳು. 'ಮೆಹರಬಾನ ಮಾಮಲೇದಾರ ಸಾಹೇಬರ ಸನ್ನಿಧಿಗೆ' ಎಂಬಲ್ಲಿಂದ 'ಕೃಪೆ ಮಾಡಬೇಕಾಗಿ ವಿನಂತಿ' ವರೆಗೆ ಇಡೀ ಅರ್ಜಿ, ಒಂದು ಶಬ್ದ ಹೆಚ್ಚಿಲ್ಲ ಕಡಿಮೆ ಇಲ್ಲ. ಹೆಂಗಸರು ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತಿದ್ದರು. ಎಲ್ಲಮ್ಮನ ಹಾಡು ರಾತ್ರಿ ಬೆಳಗು ಹಾಡುವ ಮಂದಿ, ಒಮ್ಮೆ ಕಿವಿಗೆ ಬಿದ್ದದ್ದನ್ನು ಬಿಡುವುದಿಲ್ಲ. ನಾನು ಓದಿದಷ್ಟೂ ಅವಳ ಬಾಯಿಯಲ್ಲಿದೆ. ನಾನು ಓದದ್ದು ಇಲ್ಲ.

ಚೌಕಶಿಯ ದಿನ, ಎಂದರೆ ವಿಚಾರಣೆಯ ದಿನ, ಕಾರಕೂನ ಅರ್ಜಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾನೆ. ಅದು ಕಚೇರಿಯ ಪದ್ಧತಿ. ಇಪ್ಪತ್ತೆಂಟು ವರ್ಷ ಆ ಓದು ಕೇಳಿದವನಿಗೆ ಇದು ಹೇಗೆ ಮರೆಯಿತು?

ಬದನೆಕಾಯಿ ಅಲ್ಲೇ ಬಿಟ್ಟು ಬಂದೆ.

೧೧ ಡಿಸೆಂಬರ್, ಶನಿವಾರ

ನೋಟೀಸು ಬಂತು. ಹದಿನೆಂಟಕ್ಕೆ ಚೌಕಶಿ. ಅರ್ಜಿದಾರ, ಮುನಸಿಪಾಲಟಿ, ರಘೋತ್ತಮ, ನಾನು.

೧೨ ಡಿಸೆಂಬರ್, ರವಿವಾರ

ರಘೋತ್ತಮನ ಮನೆಯ ಓಣಿಯಲ್ಲಿ ಹೋಗದೆ ಸುತ್ತು ಹಾಕಿ ಬಂದೆ.

೧೪ ಡಿಸೆಂಬರ್, ಮಂಗಳವಾರ

ರಾಮದುರ್ಗದಲ್ಲಿ ಭಾಗೀರಥಿಬಾಯಿ ಅಕ್ಕನಿಗೆ ಹುಷಾರಿಲ್ಲ, ಎಂಟು ದಿನ ಇದ್ದು ಬರುತ್ತೇನೆ ಎಂದು ತಾರಾಬಾಯಿಗೆ ಹೇಳಿ ಬೆಳಿಗ್ಗೆಯ ಬಸ್ಸು ಹತ್ತಿದೆ. ಅಕ್ಕ ಗುಂಡುಕಲ್ಲಿನಂತೆ ಇದ್ದಾಳೆ. ನಾನಿಲ್ಲದಿದ್ದರೆ ಯಾರೂ ನನ್ನನ್ನು ಏನೂ ಕೇಳಲಾರರು. ಸತ್ಯವ್ವ ಸುಳ್ಳು ಹೇಳುತ್ತಾಳೆ ಅನ್ನುತ್ತಾರೆ, ರುಜು ಇದೆ ಅನ್ನುತ್ತಾರೆ. ರಘೋತ್ತಮನನ್ನು ಒಯ್ಯುತ್ತಾರೆ. ನಾನು ಮಲಪ್ರಭೆಯ ದಂಡೆಯಲ್ಲಿ ಕೂತಿರುತ್ತೇನೆ.

ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಈಗ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಕೋಳಿ ಹಿಡಿದುಕೊಂಡ ಒಬ್ಬ ಮುದುಕ ಮಾತ್ರ ಕಂಡಕ್ಟರನಿಗೆ ಮಳೆಯ ಬಗ್ಗೆ ಏನೋ ಅಂದ, ಅವನೂ ಆಚೆ ಈಚೆ ನೋಡಿಯೇ ಅಂದ. ಸವದತ್ತಿ ನಿಲ್ದಾಣದಲ್ಲಿ ನೀರು ಕುಡಿಯಲೆಂದು ಇಳಿದೆ. ಬಸ್ಸು ನನ್ನನ್ನು ಬಿಟ್ಟು ಹೋಯಿತು, ನ್ಯಾಯವಾಗಿ ಹೇಳಿದರೆ ನಾನೇ ಹತ್ತಲಿಲ್ಲ. ತಿರುಗಿ ಊರಿಗೆ ಬರುವ ಬಸ್ಸಿಗೆ ಮೂರು ತಾಸು ಕಾದೆ. ತಾರಾಬಾಯಿ ಏನೂ ಕೇಳದೆ ಕೈಕಾಲಿಗೆ ನೀರು ಕೊಟ್ಟಳು.

೧೮ ಡಿಸೆಂಬರ್, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಾಮಲೇದಾರರು ಮೇಜಿನ ಹಿಂದೆ. ಬಲಕ್ಕೆ ಫೌಜದಾರರು, ಟೊಪ್ಪಿಗೆ ತೊಡೆಯ ಮೇಲೆ. ರಘೋತ್ತಮ ಗೋಡೆಗೆ ಒತ್ತಿ ನಿಂತಿದ್ದ. ನನ್ನನ್ನು ನೋಡಿ ಧೈರ್ಯ ಬಂದವನಂತೆ ನಕ್ಕ. ಕೆಂಚವ್ವ ಮತ್ತು ನಾಲ್ಕೈದು ಹೆಂಗಸರು ಬಾಗಿಲಲ್ಲಿ. ಸತ್ಯವ್ವ ಮಡಿಕೆ ಮುರಿಯದ ಸೀರೆ ಉಟ್ಟು ಬಂದಿದ್ದಳು.

ಕಾರಕೂನ ಓದತೊಡಗಿದ. ಸತ್ಯವ್ವನ ತುಟಿ ಅವನ ಜೊತೆಗೇ ಆಡುತ್ತಿತ್ತು. ಎರಡನೆಯ ಪುಟ ತಿರುವಿದ. 'ಸದರಿ ವಾರಪತ್ರಿಕೆಯ ಸಂಪಾದಕ ರಘೋತ್ತಮ ಇವರು' ಎಂದ ಕೂಡಲೇ ಅವಳ ತುಟಿ ನಿಂತಿತು. ಸಾಲು ಮುಗಿಯುವವರೆಗೂ ಸುಮ್ಮನೆ ಕೇಳಿದಳು. ಆಮೇಲೆ, "ನಿಂದರ್ರಿ ಸಾಹೇಬ್ರ. ಇದು ನನ್ನ ಮಾತಲ್ಲ."

"ನಿನ್ನ ಹೆಬ್ಬಟ್ಟು ಐತೆಲ್ಲ?" ಎಂದರು ಮಾಮಲೇದಾರರು.

"ಹೆಬ್ಬಟ್ಟು ನಂದ್ರಿ. ರಾಯರು ನನಗ ಓದಿ ಹೇಳಿದ್ದರಾಗ ಇದು ಇದ್ದಿಲ್ಲ."

ಫೌಜದಾರರು ಮೆತ್ತಗೆ ಹೇಳಿದರು: "ಏ, ಕೇಳಿಲ್ಲಿ. ನಿನಗ ಕಟ್ಟಿ ಮ್ಯಾಲ ಜಾಗಾ ಬೇಕೋ ಬ್ಯಾಡೋ? ಹೂಂ ಅನ್ನು, ಇವತ್ತ ಹುಕುಂ ಆಕ್ಕೈತಿ. ನಿನ್ನ ಮ್ಯಾಲ ಬರದಾರೋ ಇಲ್ಲೋ ಅವರು?"

"ಬರದಾರ್ರಿ. ಜಾಗಾನೂ ಬೇಕ್ರಿ. ಖರೆ ಇದು ನಂದಲ್ಲ. ನಂದಲ್ಲದ್ದಕ್ಕ ನಾ ಹೆಂಗ ಹೂಂ ಅನ್ನಲಿ?"

ಮಾಮಲೇದಾರರು ನನ್ನತ್ತ ತಿರುಗಿದರು. "ವೆಂಕಣ್ಣ, ಕೆಳಗ ನಿಮ್ಮ ರುಜು ಐತಿ. ಓದಿ ಹೇಳೀರೋ ಇಲ್ಲೋ?"

ಹೇಳಿದ್ದೇನೆ ಅನ್ನಬೇಕಿತ್ತು. ಅನ್ನಲೆಂದೇ ಬಾಯಿ ತೆರೆದೆ. ಸತ್ಯವ್ವ ನನ್ನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ನಾನು ಏನೋ ಮರೆತಿದ್ದೇನೆ, ಈಗ ನೆನಪು ಮಾಡಿಕೊಂಡು ಹೇಳಿಬಿಡುತ್ತೇನೆ ಎಂಬಂತೆ.

"ಓದಿಲ್ರಿ" ಎಂದೆ.

"ಯಾಕ?"

"ಹೆದರಿ."

"ಯಾರಿಗೆ?"

ಫೌಜದಾರರು ಟೊಪ್ಪಿಗೆಯನ್ನು ತೊಡೆಯ ಮೇಲೆ ಒಂದು ಸುತ್ತು ತಿರುಗಿಸಿದರು. "ಯಾರಿಗೂ ಅಲ್ರಿ. ಸುಮ್ಮನ" ಎಂದೆ.

ಸುಳ್ಳು ರುಜುವಿನ ಅರ್ಜಿ ಎಂದು ಅರ್ಜಿ ರದ್ದು. ಸತ್ಯವ್ವನ ಜಾಗವೂ ಅದರ ಜೊತೆಗೇ ಹೋಯಿತು. ನನ್ನ ಪರವಾನಗಿ ವಾಪಸು. ರಘೋತ್ತಮನಿಗೆ 'ನೀವು ಹೋಗಬಹುದು' ಎಂದರು. ಅವನು ನನ್ನ ಮಗ್ಗುಲಲ್ಲೇ ಹಾಯ್ದು ಹೋದ, ಮುಖ ನೋಡಲಿಲ್ಲ.

೨೦ ಡಿಸೆಂಬರ್, ಸೋಮವಾರ

ಬೇವಿನ ಗಿಡದ ಕೆಳಗಿನಿಂದ ಡೆಸ್ಕನ್ನು ಮನೆಗೆ ತಂದೆ. ಪೊಲೀಸರು ಇನ್ನೂ ಬಂದಿಲ್ಲ. ಬರುವುದಾದರೆ ಬೇಗ ಬರಲಿ. ಬಾಗಿಲ ಚಿಲಕ ಅಲುಗಿದರೆ ಎದ್ದು ಒಳಗೆ ಹೋಗುತ್ತೇನೆ. ಹಾಲಿನವಳಿಗೂ ಹೆದರಿದೆ.

ತಾರಾಬಾಯಿಗೆ ಎಲ್ಲ ಗೊತ್ತಾಗಿದೆ. "ಬರದಿದ್ದು ತಪ್ಪು. ಓದಿಲ್ಲ ಅಂದದ್ದು ಛಲೋ ಆತು. ಈಗ ಎರಡು ತುತ್ತು ಉಣ್ಣರಿ" ಎಂದಳು. ಇಷ್ಟು ದಿನ ಅವಳು ಹೆದರುತ್ತಾಳೆ ಎಂದು ಯಾಕೆ ಅಂದುಕೊಂಡೆನೋ.

೨೩ ಡಿಸೆಂಬರ್, ಗುರುವಾರ

ಸಂತೆ ಮುಗಿಸಿಕೊಂಡು ಮೂರು ಗಂಟೆಗೆ ಸತ್ಯವ್ವ ಮನೆಗೆ ಬಂದಳು, ಕೈಯಲ್ಲಿ ರಘೋತ್ತಮನ ಪತ್ರಿಕೆ. ಬೈಯಲು ಬಂದಳೆಂದು ಎದ್ದು ನಿಂತೆ. ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕೂತು ಕಾಲು ನೀಡಿಕೊಂಡಳು.

"ಇದರಾಗ ನಮ್ಮಿಬ್ಬರದೂ ಬಂದೈತಂತ. ಓದ್ರಿ. ಈ ಸಲ ಏನೂ ಬಿಡಬ್ಯಾಡ್ರಿ."

ನಾನು ಬುಧವಾರವೇ ಓದಿದ್ದೆ. ಅರ್ಜಿ ಬರಹಗಾರ ವೆಂಕಣ್ಣನ ದ್ರೋಹದ ಬಗ್ಗೆ ಒಂದು ಅಂಕಣ, ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಕೊನೆಗೆ ಅವಳ ಮೇಲೆ ಮತ್ತೆ ನಾಲ್ಕು ಸಾಲು, ಮೊದಲಿಗಿಂತ ಹೊಲಸು. ಆ ನಾಲ್ಕು ಸಾಲು ಬಂದಾಗ ನನ್ನ ಬಾಯಿ ತಡೆಯಿತು. ಬಿಟ್ಟುಬಿಡೋಣ, ಅವಳಿಗಾದರೂ ನೋವು ತಪ್ಪಲಿ ಅನ್ನಿಸಿತು. ಬೆರಳು ಸಾಲಿನ ಕೆಳಗೇ ಇತ್ತು. ಓದಿದೆ. ಅವನು ಬಳಸಿದ ಆ ಶಬ್ದವನ್ನೂ ಓದಿದೆ.

ಅವಳು ಕಣ್ಣು ಮುಚ್ಚಿ ಪೂರಾ ಕೇಳಿದಳು. ಕಣ್ಣಿನ ಅಂಚು ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿಕೊಂಡು ಕೇಳಿದಳು: "ಮುಗೀತೇನ್ರಿ?"

"ಮುಗೀತು."

"ಫೌಜದಾರನ ಹೆಸರು ಎಲ್ಲಿ ಐತಿ?"

ನಾನು ಮತ್ತೊಮ್ಮೆ ಕಣ್ಣಾಡಿಸಿದೆ, ಇಲ್ಲವೆಂದು ಗೊತ್ತಿದ್ದೂ.

"ಇದರಾಗ ಇಲ್ಲ" ಎಂದೆ.

"ನಿಮ್ಮ ಹೆಸರೈತಿ, ನನ್ನ ಹೆಸರೈತಿ. ಸಾಲು ಹೇಳಿ ಬರಸಿದವನ ಹೆಸರಿಲ್ಲ. ಹೂಂ ಅನ್ನು ಅಂತ ನನ್ನ ಬೆನ್ನ ಹತ್ತಿದಾಗನ ಅವನ ಅಂತ ತಿಳೀತು. ಅವತ್ತ ಸಾಹೇಬರು ಯಾರಿಗೆ ಹೆದರೀರಿ ಅಂದಾಗ ನೀವೂ ಹೇಳಲಿಲ್ಲ." ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. "ಆ ಸಂಪಾದಕರೂ ಒಂದ ಸಾಲು ಬಿಟ್ಟ ಬರದಾರ ಬಿಡ್ರಿ. ನನ್ನ ಬೈಯಾಕ ಎಲ್ಲಾರಿಗೂ ಬಾಯಿ ಐತಿ."

ತಾರಾಬಾಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

"ಬೆಳಗಾವಿಗೆ ಕಲೆಕ್ಟರ ಸಾಹೇಬರಿಗೆ ಬರೀರಿ. ಮೂರು ಮೊಳ ಜಾಗಾ, ಮೊದಲಿನ ಹಂಗ. ಆಮ್ಯಾಲ ಈ ಸಾಲು ಯಾರು ಬರಸಿದ್ರು, ಹೆಂಗ ಬರಸಿದ್ರು, ಅದೂ. ಆ ಸಂಪಾದಕರನ್ನ ಹಿಡೀಬ್ಯಾಡ್ರಿ ಅಂತನೂ ಬರೀರಿ. ಅವರು ಅನ್ನಲಿ. ಖರೆ ನಾ ಹೇಳಿದ್ದನ್ನೂ ಅವರ ಪೇಪರದಾಗ ಹಾಕಲಿ."

"ನನ್ನ ಪರವಾನಗಿ ತಗೊಂಡಾರ, ಸತ್ಯವ್ವಾ."

"ಕೈ ತಗೊಂಡಿಲ್ಲಲ್ರಿ?"

ಡೆಸ್ಕು ಮೂಲೆಯಲ್ಲಿತ್ತು, ಎಳೆದುಕೊಂಡೆ. ಅವಳು ಹೇಳಿದಳು, ನಾನು ಬರೆದೆ. ಕೈ ಎಷ್ಟು ನಡುಗಿತೆಂದರೆ ಎರಡು ಕಾಗದ ಹಾಳಾದವು. ಮೂರನೆಯದರಲ್ಲೂ ಅಕ್ಷರ ಸೊಟ್ಟ, ನನ್ನದೆಂದು ಯಾರೂ ಗುರುತು ಹಿಡಿಯಲಾರರು. ಅದಕ್ಕೇ ನನ್ನ ಹೆಸರನ್ನು ಪೂರ್ತಿ ಬರೆದೆ, ಓಣಿ ಸಹಿತ.

ಬರೆದಾದ ಮೇಲೆ ಓದಿ ಕೇಳಿಸಿದೆ. ಮೊದಲಿನಿಂದ. 'ಠಾಣೆಯ ಫೌಜದಾರ ನಿಜಗುಣಪ್ಪ ಇವರು' ಎಂಬಲ್ಲಿಗೆ ಬಂದಾಗ ನನ್ನ ದನಿ ಇಳಿದುಹೋಯಿತು.

"ಹೆಸರು ಕೇಳಸ್ಲಿಲ್ಲ" ಎಂದಳು ಸತ್ಯವ್ವ. "ಇನ್ನೊಮ್ಮಿ. ಜೋರಾಗಿ ಓದ್ರಿ."

ಜೋರಾಗಿ ಓದಿದೆ. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ನಾನು ಮುಂದಿನ ಸಾಲು ಓದಿದೆ.